ಸೂಜಿಗಂಜುವ ಕುದುರೆ

ನಿಮ್ಮ ಮನೆಯಲ್ಲಿ ರೇಡಿಯೋ ಉಂಟು, ಕುದುರೆ ಇರಲಾರದು. ಹೀಗಿರುವಾಗ ಸೂಜಿ ಕಂಡರೆ ಸಿಡಿದೇಳುವ ಕುದುರೆಗೆ ಇಂಜೆಕ್ಷನ್ ಕೊಡುವ ಬಗೆಯನ್ನು ನಿಮಗೇಕೆ ಹೇಳಬೇಕೆಂದು ಕೇಳುವಿರಿ. ವ್ಯಾಕರಣ ಹೇಳಿಕೊಡುವ ಮೇಷ್ಟರಿಗೆ ಕುದುರೆಲಾಯದಲ್ಲೇನು ಕೆಲಸವೆಂದು ನನ್ನ ಮನೆಯಲ್ಲಿಯೂ ಕೇಳಿದ್ದಾರೆ. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಮೈಸೂರಿನಲ್ಲಿ ಟಾಂಗಾಗಳು ಕಡಿಮೆಯಾಗಿವೆಯಾದರೂ, ಪ್ರವಾಸಿಗಳನ್ನು ಕೂರಿಸಿಕೊಂಡು ಅರಮನೆಯ ಸುತ್ತ ಓಡಾಡುವ ಕೆಲವು ಇಂದಿಗೂ ಉಂಟು. ಅಂಥ ಟಾಂಗಾದ ಸಾಹೇಬರೊಬ್ಬರು ನಮ್ಮ ಬೀದಿಯ ತುದಿಯಲ್ಲಿದ್ದಾರೆ. ಅವರ ಮಗ ನನ್ನ ತರಗತಿಯ ಹುಡುಗ. ಮೊದಲನೆಯ ಪ್ರಶ್ನೆಗೆ ಉತ್ತರ ಲೇಖನದ ನಡುವೆ ತಾನಾಗಿ ಬರುತ್ತದೆ. ಮುಂದೆ ಹಾವಿನ ಮಾತು ಬಂದಾಗ ಅದನ್ನು ನೆನೆದುಕೊಳ್ಳಿ.

ಮೂರು ವರ್ಷದ ಹಿಂದೆ ಸಾಹೇಬರ ಹಳೆಯ ಕುದುರೆಯ ಗೊರಸಿಗೆ ಮೊಳೆ ಹೊಕ್ಕಿತು. ಮೊಳೆ ಕಿತ್ತು, ಅರಿಸಿನ ಮೆತ್ತಿ, ಎರಡು ದಿನ ವಿಶ್ರಾಂತಿ ಕೊಟ್ಟು ಮತ್ತೆ ಗಾಡಿಗೆ ಹೂಡಿದರು. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಅದು ಕಿವಿ ನಿಮಿರಿಸಿ, ಬಾಲವೆತ್ತಿ, ನಾಲ್ಕು ಕಾಲನ್ನೂ ಅಗಲಿಸಿ ಮರದ ಕುದುರೆಯಂತೆ ನಿಂತುಬಿಟ್ಟಿತು. ಕಣ್ಣಿನ ಒಳಮೂಲೆಯಿಂದ ಪೊರೆಯೊಂದು ಗುಡ್ಡೆಗೆ ಅಡ್ಡ ಬರುತ್ತಿತ್ತು. ಹುರುಳಿಯನ್ನು ಮೂತಿಯ ಬಳಿ ಹಿಡಿದರೆ ವಾಸನೆ ನೋಡುವುದು, ಬಾಯಿ ತೆರೆಯಲಾರದು. ಒಳಗೆ ತಟ್ಟೆ ಬಿದ್ದ ಸದ್ದಾದರೂ ಮೈಯೆಲ್ಲ ಸೆಟೆದುಕೊಳ್ಳುವುದು. ಐದನೆಯ ದಿನ ಸತ್ತಿತು.

ಇದೇ ಧನುರ್ವಾಯು. ಮನುಷ್ಯನಿಗೆ ಬಂದಾಗ ಮೈ ಬಿಲ್ಲಿನಂತೆ ಬಾಗುವುದರಿಂದ ನಮ್ಮ ವೈದ್ಯರು ಈ ಹೆಸರಿಟ್ಟರು. ಹೆಸರಿನಲ್ಲಿ ವಾಯುವಿದ್ದರೂ ರೋಗಕ್ಕೆ ಕಾರಣವಾದ ಜೀವಾಣು ಇರುವುದು ಮಣ್ಣಿನಲ್ಲಿ, ಲದ್ದಿಯಲ್ಲಿ. ಗಾಳಿಯಾಡದ ಆಳವಾದ ಗಾಯ ಅದಕ್ಕೆ ಬಹಳ ಇಷ್ಟ. ಮೊಳೆಯ ಗಾಯ ಅಂಥದೇ. ಸಾಕುಪ್ರಾಣಿಗಳಲ್ಲಿ ಕುದುರೆಯಷ್ಟು ಸುಲಭವಾಗಿ ಈ ವಿಷಕ್ಕೆ ತುತ್ತಾಗುವುದು ಇನ್ನೊಂದಿಲ್ಲ. ನಾಯಿ ಬೆಕ್ಕುಗಳು ಇದನ್ನು ಎಷ್ಟೋ ಮಟ್ಟಿಗೆ ತಡೆದುಕೊಳ್ಳುತ್ತವೆ. ಕುದುರೆ ಬೀದಿಯ ಮಣ್ಣಿನಲ್ಲಿ ನಡೆದು, ತನ್ನ ಲದ್ದಿಯ ಮೇಲೆಯೇ ನಿಲ್ಲುವ ಪ್ರಾಣಿ. ಪೆಟ್ಟಿಗೂ ವಿಷಕ್ಕೂ ಒಟ್ಟೊಟ್ಟಿಗೆ ಒಡ್ಡಿಕೊಂಡಿರುತ್ತದೆ. ರೋಗ ಬಂದ ಮೇಲೆ ಉಳಿಯುವುವು ಕಡಿಮೆ. ಬಾರದಂತೆ ತಡೆಯುವುದು ಮಾತ್ರ ಕಷ್ಟವಲ್ಲ. ಮೊದಲು ನಾಲ್ಕಾರು ವಾರಗಳ ಅಂತರದಲ್ಲಿ ಎರಡು ಸೂಜಿ, ಆಮೇಲೆ ವರ್ಷಕ್ಕೊಂದರಂತೆ ಮುಂದುವರಿಸಿದರೆ ಸಾಕು. ಸಾಹೇಬರಿಗೆ ಇದು ತಿಳಿಯದ ಮಾತಲ್ಲ. “ನಾಳೆ ಹಾಕಿಸಿದರಾಯಿತು ಅಂದುಕೊಂಡೆ ಮೇಷ್ಟ್ರೇ, ನಾಳೆ ಬರಲೇ ಇಲ್ಲ” ಎಂದರು.

ಅದರ ಸ್ಥಾನಕ್ಕೆ ಒಂದು ಕಂದುಬಣ್ಣದ ಹೆಣ್ಣುಕುದುರೆ ಬಂತು. ಗಾಡಿಗೆ ಬಹಳ ಒಳ್ಳೆಯದು. ಬಸ್ಸಿನ ಹಾರನ್ನಿಗೂ ಕದಲದು. ಈ ಸಲ ತಡಮಾಡಬಾರದೆಂದು ಸಾಹೇಬರು ಒಂದೇ ವಾರದಲ್ಲಿ ಇಂಜೆಕ್ಷನ್ನಿಗೆ ಏರ್ಪಾಡು ಮಾಡಿದರು. ಅದು ಹಿಂದೆ ಯಾರ ಕೈಯಲ್ಲಿ ಎಷ್ಟು ಚುಚ್ಚಿಸಿಕೊಂಡಿತ್ತೋ, ಸಿರಿಂಜು ಹಿಡಿದವರು ಅಂಗಳಕ್ಕೆ ಕಾಲಿಟ್ಟೊಡನೆ ತಲೆಯೆತ್ತಿತು. ನಾಲ್ವರು ಸೇರಿ ಬಿಗಿಯಾಗಿ ಕಂಬಕ್ಕೆ ಕಟ್ಟಿದರು, ಒಬ್ಬನು ಕಿವಿ ತಿರುಚಿದನು. ಸೂಜಿ ಚರ್ಮಕ್ಕೆ ತಾಗುವಷ್ಟರಲ್ಲಿ ಕುದುರೆ ಹಿಂದಕ್ಕೆ ಜಗ್ಗಿತು, ಹಗ್ಗ ಕಿತ್ತಿತು, ಸೂಜಿ ಬಾಗಿತು, ಸಾಹೇಬರ ಹೆಬ್ಬೆರಳು ಹಗ್ಗಕ್ಕೆ ಸಿಕ್ಕಿ ಒಂದು ತಿಂಗಳು ಪಟ್ಟಿ ಕಟ್ಟಿಕೊಳ್ಳಬೇಕಾಯಿತು. ಔಷಧ ಮಣ್ಣುಪಾಲಾಯಿತು. ಮಾರನೆಯ ದಿನದಿಂದ ಬಿಳಿಯ ಅಂಗಿ ತೊಟ್ಟು ಯಾರು ಬಂದರೂ ಅದು ಮೂಲೆ ಸೇರತೊಡಗಿತು. ನಾನು ಹಬ್ಬದ ದಿನ ಬಿಳಿ ಪಂಚೆ ಬಿಳಿ ಅಂಗಿಯಲ್ಲಿ ಹೋದಾಗ ನನಗೂ ಅದೇ ಮರ್ಯಾದೆ ಸಿಕ್ಕಿತು.

ಇದಾದ ಮೇಲೆ ಬಂದವರು ಬೇರೊಬ್ಬ ಪಶುವೈದ್ಯೆ. ವಯಸ್ಸಾದ ತಾಯಿ, ಮಿತಭಾಷಿ. ಕುದುರೆಯನ್ನು ದೂರದಿಂದಲೇ ಕಾಲು ಗಂಟೆ ನೋಡಿ, “ಸಾಹೇಬರೇ, ಇವತ್ತು ಸೂಜಿ ಬೇಡ. ಮೂರು ವಾರ ಬಿಟ್ಟು ಬರುತ್ತೇನೆ. ಅಷ್ಟರಲ್ಲಿ ಅದಕ್ಕೆ ಒಂದು ಪಾಠ ಮರೆಸಬೇಕು, ಒಂದು ಪಾಠ ಕಲಿಸಬೇಕು. ಗೊರಸಿನಲ್ಲಿ ಗಾಯವೇನಾದರೂ ಆದರೆ ಮಾತ್ರ ಆ ಗಳಿಗೆಯೇ ನನಗೆ ಫೋನು ಮಾಡಿ” ಎಂದರು. ಪಾಠವೆಂದೊಡನೆ ನನ್ನ ಕಿವಿ ಚುರುಕಾಯಿತು. ಅಂದಿನಿಂದ ಸಂಜೆ ಹೊತ್ತು ಲಾಯದ ಬಾಗಿಲಲ್ಲಿ ನಾನೂ ಒಬ್ಬ ವಿದ್ಯಾರ್ಥಿಯಾದೆ.

ಕುದುರೆಗೆ ನಮ್ಮ ನಿಘಂಟುಗಳಲ್ಲಿ ತುರಗವೆಂಬ ಹೆಸರಿದೆ. ವೇಗವಾಗಿ ಹೋಗುವುದು ಎಂದರ್ಥ. ಅದರ ಸ್ವಭಾವವೆಲ್ಲ ಈ ಒಂದು ಶಬ್ದದಲ್ಲಿ ಅಡಗಿದೆ. ಕುದುರೆಗೆ ಕೊಂಬಿಲ್ಲ, ಕೋರೆಯಿಲ್ಲ. ಹುಲ್ಲುಬಯಲಿನಲ್ಲಿ ಮಾಂಸಾಹಾರಿ ಪ್ರಾಣಿಗಳ ನಡುವೆ ಬದುಕಿ ಬಂದದ್ದು ಓಟದ ಬಲದಿಂದಲೇ. ಮೊದಲು ಓಡುವುದು, ಆಮೇಲೆ ಏನೆಂದು ತಿರುಗಿ ನೋಡುವುದು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಸುತ್ತಲೂ ಬಹುತೇಕ ಎಲ್ಲವೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ಹಣೆಯ ನೇರ ಮುಂದೆ ಸ್ವಲ್ಪ ಜಾಗ, ಬಾಲದ ನೇರ ಹಿಂದೆ ಸ್ವಲ್ಪ ಜಾಗ. ಚರ್ಮವೋ, ನೊಣ ಕುಳಿತರೆ ಅಷ್ಟೇ ಜಾಗವನ್ನು ಅದುರಿಸಿ ಓಡಿಸಬಲ್ಲಷ್ಟು ಸೂಕ್ಷ್ಮ. ಇಂಥ ಪ್ರಾಣಿಯನ್ನು ಕಂಬಕ್ಕೆ ಬಿಗಿದು, ಕಾಣದ ಕಡೆಯಿಂದ ಬಂದು ಚುಚ್ಚಿದರೆ ಅದಕ್ಕೆ ತೋರುವುದು ಒಂದೇ: ಓಡುವ ದಾರಿ ಮುಚ್ಚಿತು, ಹುಲಿ ಬಂತು.

ಆದರೆ ಸೂಜಿಯ ನೋವು ಎಷ್ಟು? ಅದೇ ಕುದುರೆ ಮುಳ್ಳುಬೇಲಿಗೆ ಮೈ ತೀಡಿಕೊಂಡು ಸುಮ್ಮನಿರುತ್ತದೆ. ಕುದುರೆ ಅಂಜುವುದು ಬಹುಪಾಲು ಸೂಜಿಗಲ್ಲ, ಸೂಜಿಗೆ ಮುಂಚೆ ಬರುವ ಗುರುತುಗಳಿಗೆ: ಸ್ಪಿರಿಟ್ಟಿನ ವಾಸನೆ, ಸಿರಿಂಜಿನ ಕಾಗದ ಹರಿದ ಸದ್ದು, ಬಿಳಿಯ ಅಂಗಿ, ಹಗ್ಗವನ್ನು ಹಠಾತ್ತಾಗಿ ಗಿಡ್ಡ ಹಿಡಿದ ಯಜಮಾನನ ಕೈ. ರಷ್ಯದ ಪಾವ್ಲೊವ್ ನಾಯಿಗಳಲ್ಲಿ ತೋರಿಸಿದ್ದು ಇದನ್ನೇ. ನಮ್ಮ ಶಾಲೆಯಲ್ಲಿ ಇದಕ್ಕೆ ನಾಯಿ ಬೇಕಾಗಿಲ್ಲ. ಕೊನೆಯ ಗಂಟೆಗಾಗಿ ಜವಾನ ಎದ್ದು ನಿಂತರೆ ಸಾಕು, ಗಂಟೆ ಬಾರಿಸುವ ಮೊದಲೇ ಚೀಲಗಳು ಹೆಗಲೇರುತ್ತವೆ. ಕತ್ತಲಲ್ಲಿ ಹಗ್ಗವನ್ನು ಹಾವೆಂದು ಕಾಣುವ ರಜ್ಜುಸರ್ಪನ್ಯಾಯವನ್ನು ನಮ್ಮ ಶಾಸ್ತ್ರಗಳು ಹೇಳುತ್ತವೆ. ಕುದುರೆಗೆ ಹತ್ತಿಯ ಉಂಡೆಯೂ ಹಾವೇ.

ಇದಕ್ಕಿಂತ ದೊಡ್ಡ ತೊಡಕು ಮತ್ತೊಂದು. ಕುದುರೆ ತಲೆ ಕೊಡವುತ್ತದೆ. ನಾವು ಹೆದರಿ ಕೈ ತೆಗೆಯುತ್ತೇವೆ. ನಮ್ಮ ಲೆಕ್ಕದಲ್ಲಿ ಇದು ಎಚ್ಚರಿಕೆ. ಕುದುರೆಯ ಲೆಕ್ಕದಲ್ಲಿ ಜಯ. ಕೊಡವಿದೆ, ಕೈ ಹೋಯಿತು. ಮುಂದಿನ ಸಲ ಇನ್ನೂ ಜೋರಾಗಿ ಕೊಡವುತ್ತದೆ, ಅದರ ಮುಂದಿನ ಸಲ ಎರಡು ಕಾಲ ಮೇಲೆ ನಿಲ್ಲುತ್ತದೆ. ಕಟ್ಟಿಹಾಕಿ ಸೆಣಸಿ ಕೊನೆಗೆ ಸೂಜಿಯಿಲ್ಲದೆ ಬಿಟ್ಟ ದಿನ ನಾವು ಅದಕ್ಕೆ ಕಲಿಸಿದ್ದು ಔಷಧ ಬೇಡವೆನ್ನುವ ವಿದ್ಯೆಯನ್ನು. “ಕೈ ಇಟ್ಟಾಗ ಕುದುರೆ ಕಲಿಯುವುದಿಲ್ಲ, ಕೈ ತೆಗೆದಾಗ ಕಲಿಯುತ್ತದೆ” ಎಂದರು ಆ ತಾಯಿ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಮಾತು ಸ್ವಲ್ಪ ಚುಚ್ಚಿತು. ಗಲಾಟೆ ಮಾಡಿದ ಹುಡುಗನನ್ನು ಹೊರಗೆ ಕಳುಹಿಸಿದಾಗಲೆಲ್ಲ ಅವನು ಸಂತೋಷವಾಗಿಯೇ ಹೋದದ್ದು ನೆನಪಾಯಿತು.

ಹಾಗಾದರೆ ಮಾಡುವುದು ಹೇಗೆ? ಮೈಸೂರಿನವರು ಇದರ ಮಾದರಿಯನ್ನು ಪ್ರತಿ ವರ್ಷವೂ ಕಾಣುತ್ತೇವೆ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುತ್ತವೆ. ಅದಕ್ಕೆ ಮುಂಚೆಯೇ ದಸರೆಯ ಆನೆಗಳನ್ನೂ ಅಶ್ವಾರೋಹಿ ಪೊಲೀಸರ ಕುದುರೆಗಳನ್ನೂ ಬಯಲಿನಲ್ಲಿ ನಿಲ್ಲಿಸಿ, ಫಿರಂಗಿ ಹಾರಿಸಿ, ಸದ್ದಿಗೆ ಒಗ್ಗಿಸುವ ತಾಲೀಮು ಕೆಲವು ಸಲ ನಡೆಯುತ್ತದೆ. ಹೊಸಬು ಬೆದರುತ್ತವೆ, ಪಕ್ಕದಲ್ಲಿ ಹಳಬು ಅಲುಗದೆ ನಿಂತಿರುತ್ತವೆ. ಸದ್ದಾಯಿತು, ಏನೂ ಕೇಡಾಗಲಿಲ್ಲ ಎಂಬುದು ಮತ್ತೆ ಮತ್ತೆ ಅನುಭವಕ್ಕೆ ಬಂದರೆ ಭಯ ಸವೆಯುತ್ತದೆ. ಸೂಜಿಗೂ ಇದೇ ತಾಲೀಮು. ವ್ಯತ್ಯಾಸವೇನೆಂದರೆ, ಫಿರಂಗಿಯನ್ನು ಅರ್ಧ ಹಾರಿಸಲಾಗದು. ಸೂಜಿಯ ಸಂದರ್ಭವನ್ನು ನಾವು ಬೇಕಾದಷ್ಟು ತುಂಡುಮಾಡಿ ಸ್ವಲ್ಪ ಸ್ವಲ್ಪವೇ ಕೊಡಬಹುದು.

ಸಾಹೇಬರು ಮಾಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ದಿನಕ್ಕೆ ಐದೇ ನಿಮಿಷ, ಗಾಡಿ ಬಿಚ್ಚಿ ಮೈ ಉಜ್ಜಿದ ಮೇಲೆ. ಕುದುರೆಯನ್ನು ಕಟ್ಟುವುದಿಲ್ಲ, ಮಗ ಉದ್ದನೆಯ ಹಗ್ಗವನ್ನು ಸಡಿಲವಾಗಿ ಹಿಡಿದಿರುತ್ತಾನೆ. ತಂದೆ ಭುಜದ ಕಡೆಯಿಂದ, ಕುದುರೆಗೆ ಕಾಣುವಂತೆ ಬಂದು ಭುಜದ ಮೇಲೆ ಕೈಯಿಡುತ್ತಾರೆ, ಮೆಲ್ಲನೆ ಕತ್ತಿನ ಕಡೆಗೆ ಸರಿಸುತ್ತಾರೆ. ಕುದುರೆ ಸರಿದರೆ ಕೈಯೂ ಅದರೊಡನೆ ಸರಿಯುತ್ತದೆ. ಒತ್ತುವುದಿಲ್ಲ, ಬಿಡುವುದೂ ಇಲ್ಲ. ಅದು ಒಂದು ಉಸಿರಿನಷ್ಟು ಹೊತ್ತು ನಿಂತ ಕೂಡಲೇ ಕೈ ತೆಗೆದು ಎರಡು ಹೆಜ್ಜೆ ಹಿಂದಕ್ಕೆ ಬರುತ್ತಾರೆ. ಮೊದಲ ದಿನ ಅಷ್ಟೇ. ಮೂರನೆಯ ದಿನಕ್ಕೆ ಕತ್ತಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಡುವುದು. ಆಮೇಲೆ ಬೆಂಕಿಕಡ್ಡಿಯ ತುದಿಯಿಂದ ಮುಟ್ಟುವುದು, ಇನ್ನೂ ಕೆಲವು ದಿನಕ್ಕೆ ಅದನ್ನೇ ಕೊಂಚ ಒತ್ತುವುದು. ಆಮೇಲೆ ಸೂಜಿಯಿಲ್ಲದ ಸಿರಿಂಜು. ಒಂದು ಹಂತದಲ್ಲಿ ಕುದುರೆ ಕಳವಳಗೊಂಡರೆ ಅದಕ್ಕೆ ಬೈಯುವುದಿಲ್ಲ. ಹಿಂದಿನ ಹಂತಕ್ಕೆ ಇಳಿದು, ಅದನ್ನು ಚೆನ್ನಾಗಿ ಮುಗಿಸಿ, ಆ ದಿನದ ಪಾಠ ನಿಲ್ಲಿಸುವುದು.

ಸ್ಪಿರಿಟ್ಟಿನ ಹತ್ತಿಗೆ ಬೇರೆ ಉಪಾಯ. ಹತ್ತಿಯನ್ನು ಮೂಸಲು ಕೊಟ್ಟು, ಒಡನೆಯೇ ಒಂದು ಚೂರು ಬೆಲ್ಲ. ಇಲ್ಲಿ ಕ್ರಮ ತಪ್ಪಬಾರದು. ಸಾಹೇಬರ ಮಗ ಎರಡು ದಿನ ಬೆಲ್ಲವನ್ನೇ ಮೊದಲು ತೋರಿಸಿ, ಕುದುರೆ ನೆಕ್ಕುತ್ತಿರುವಾಗ ಹತ್ತಿಯನ್ನು ತಂದನು. ಮೂರನೆಯ ದಿನ ಕುದುರೆ ಬೆಲ್ಲ ಕಂಡೇ ತಲೆಯೆತ್ತಿತು! ಬೆಲ್ಲ ಬಂದರೆ ಹಿಂದೆ ಹತ್ತಿ ಬರುತ್ತದೆಂದು ಕಲಿತುಬಿಟ್ಟಿತ್ತು. ಅದನ್ನು ತಿದ್ದಲು ನಾಲ್ಕು ದಿನ ಹಿಡಿಯಿತು. ಮೊದಲು ವಾಸನೆ, ಆಮೇಲೆ ಬೆಲ್ಲ. ಹಾಗಾದಾಗ ವಾಸನೆಯೇ ಬೆಲ್ಲದ ಮುನ್ಸೂಚನೆಯಾಗುತ್ತದೆ. ವ್ಯಾಕರಣದಲ್ಲಿ ಪೂರ್ವಪದ ಉತ್ತರಪದಗಳನ್ನು ಅದಲುಬದಲು ಮಾಡಿದರೆ ಅರ್ಥ ಕೆಡುವುದಿಲ್ಲವೇ, ಹಾಗೆಯೇ ಎಂದು ಹುಡುಗನಿಗೆ ಹೇಳಿದೆ. ಅವನು ನಕ್ಕನು, ಸಮಾಸ ಅವನಿಗೆ ಅಂದು ಅರ್ಥವಾಯಿತೆಂದು ನನ್ನ ನಂಬಿಕೆ.

ಕೊನೆಯ ವಾರದಲ್ಲಿ ಬಿಳಿಯ ಅಂಗಿಯ ಪಾತ್ರ ನನಗೆ ಬಂತು. ಸುಮ್ಮನೆ ಅಂಗಳಕ್ಕೆ ಬಂದು, ಬೆಲ್ಲ ಕೊಟ್ಟು, ಏನೂ ಮಾಡದೆ ಹಿಂತಿರುಗಬೇಕು. ಇಷ್ಟು ಸುಲಭದ ಪಾತ್ರವನ್ನು ಯಾವ ನಾಟಕದಲ್ಲಿಯೂ ನನಗೆ ಕೊಟ್ಟಿರಲಿಲ್ಲ.

ಹಳೆಯ ಪದ್ಧತಿಯ ವಿಷಯ ಒಂದು ಮಾತು. ಕುದುರೆಯ ಮೇಲ್ದುಟಿಯನ್ನು ಕೋಲಿಗೆ ಕಟ್ಟಿದ ಕುಣಿಕೆಯಲ್ಲಿ ಸಿಕ್ಕಿಸಿ ತಿರುಚಿ ಹಿಡಿಯುವುದು ಲೋಕದ ಎಲ್ಲೆಡೆ ರೂಢಿಯಲ್ಲಿದೆ. ಇದು ಬರಿಯ ಹಿಂಸೆಯೆಂದು ನಾನೂ ತಿಳಿದಿದ್ದೆ. ಹಾಲೆಂಡಿನ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುಟಿ ಹಿಡಿದಾಗ ನೋವನ್ನು ಮಂದಗೊಳಿಸುವ ಎಂಡಾರ್ಫಿನ್ ಎಂಬ ದ್ರವ್ಯ ಕುದುರೆಯ ರಕ್ತದಲ್ಲಿ ಹೆಚ್ಚುವುದನ್ನು ತೋರಿಸಿದರು. 2017ರ ಇನ್ನೊಂದು ಅಧ್ಯಯನದಲ್ಲಿ ಮೊದಲ ಐದು ನಿಮಿಷ ಎದೆಬಡಿತ ಇಳಿಯುವುದೂ, ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಏರುವುದೂ ಕಂಡಿತು. ಕಿವಿ ತಿರುಚಿದರೆ ಮಾತ್ರ ಮೊದಲಿನಿಂದಲೇ ಕಳವಳ. ಆದುದರಿಂದ ತುರ್ತಿನಲ್ಲಿ ಬಲ್ಲವರು ಕ್ಷಣಕಾಲ ತುಟಿ ಹಿಡಿಯುವುದಕ್ಕೆ ಆಧಾರವುಂಟು. ಕಿವಿಗೆ ಕೈ ಹಾಕುವುದಕ್ಕೆ ಯಾವ ಆಧಾರವೂ ಇಲ್ಲ. ಕಿವಿ ಹಿಂಡಿಸಿಕೊಂಡ ಕುದುರೆ ಆಮೇಲೆ ತಲೆಗೆ ಲಗಾಮು ಏರಿಸಲೂ ಬಿಡುವುದಿಲ್ಲ. ಮೇಷ್ಟರ ಕೈಯ ಹಳೆಯ ಚಾಳಿಯೂ ಕಿವಿ ಹಿಂಡುವುದೇ ಆಗಿತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕು.

ಈಗ ಹಾವಿನ ಮಾತು. ನಿಮ್ಮ ಹಳ್ಳಿಯ ನೆಂಟರಲ್ಲಿ ಯಾರನ್ನಾದರೂ ನಾಗರವೋ ಕೊಳಕುಮಂಡಲವೋ ಕಚ್ಚಿದರೆ ಆಸ್ಪತ್ರೆಯಲ್ಲಿ ಕೊಡುವ ವಿಷಹಾರಿ ಮದ್ದು ಎಲ್ಲಿಂದ ಬರುತ್ತದೆ ಬಲ್ಲಿರಾ? ಕುದುರೆಯ ರಕ್ತದಿಂದ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಕುದುರೆಗೆ ಅತಿ ಸ್ವಲ್ಪ ಪ್ರಮಾಣದಲ್ಲಿ ಆರಂಭಿಸಿ, ಕ್ರಮೇಣ ಹೆಚ್ಚಿಸುತ್ತ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ಎದುರಿಸುವ ದ್ರವ್ಯ ತಯಾರಾಗುತ್ತದೆ. ಆಗ ಕತ್ತಿನ ದೊಡ್ಡ ರಕ್ತನಾಳದಿಂದ ರಕ್ತ ತೆಗೆದು, ತಿಳಿಯನ್ನು ಬೇರ್ಪಡಿಸಿ ಶುದ್ಧಿಮಾಡುತ್ತಾರೆ. ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು 1890ರಲ್ಲಿ ಧನುರ್ವಾಯುವಿನ ಮೇಲೆ ನಡೆಸಿದ ಪ್ರಯೋಗಗಳಿಂದ ಹೊರಟ ವಿದ್ಯೆ ಇದು. ಮುಂಬಯಿಯ ಹಾಫ್‌ಕಿನ್ ಸಂಸ್ಥೆ, ಹಿಮಾಚಲದ ಕಸೌಲಿಯ ಕೇಂದ್ರ ಸಂಶೋಧನಾಲಯ ಇವು ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಹೆಸರಾದ ಹಳೆಯ ಮನೆಗಳು. ಆ ಕುದುರೆಗಳಿಗೆ ಸೂಜಿ ವರ್ಷಕ್ಕೊಮ್ಮೆಯಲ್ಲ, ಮತ್ತೆ ಮತ್ತೆ. ಅವು ಪ್ರತಿ ಸಲವೂ ಹೆದರಿ ಹೋರಾಡುವುದೋ ಶಾಂತವಾಗಿ ನಿಲ್ಲುವುದೋ ಎಂಬುದು ನಮಗೆ ಸಂಬಂಧಪಡದ ಸಂಗತಿಯಲ್ಲ.

ಇಂಥ ಕುದುರೆಗೇ ಧನುರ್ವಾಯು ಬಂದರೆ ಏನಾಗುತ್ತದೆಂಬುದಕ್ಕೆ ದುಃಖದ ದೃಷ್ಟಾಂತವೊಂದಿದೆ. ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ, ಹಿಂದೆ ಹಾಲಿನ ಗಾಡಿ ಎಳೆಯುತ್ತಿದ್ದ ಜಿಮ್ ಎಂಬ ಕುದುರೆಯ ರಕ್ತದಿಂದ ಗಂಟಲಮಾರಿಯ ಮದ್ದು ತಯಾರಿಸುತ್ತಿದ್ದರು. 1901ರಲ್ಲಿ ಅದಕ್ಕೆ ಧನುರ್ವಾಯು ತಗುಲಿತು. ರೋಗದ ಚಿಹ್ನೆ ತೋರುವ ಮುನ್ನ ತೆಗೆದ ರಕ್ತದ ಮದ್ದು ಮಕ್ಕಳಿಗೆ ಹೋಗಿ, 13 ಮಕ್ಕಳು ಸತ್ತರು. ಮರುವರ್ಷವೇ ಆ ದೇಶದಲ್ಲಿ ಇಂಥ ಮದ್ದುಗಳ ತಯಾರಿಕೆಯನ್ನು ಹತೋಟಿಯಲ್ಲಿಡುವ ಕಾನೂನು ಬಂತು.

ಹಳಗನ್ನಡದ ಅಭಿನವಚಂದ್ರ ಅಶ್ವಶಾಸ್ತ್ರವನ್ನೇ ಗ್ರಂಥವಾಗಿ ಬರೆದಿದ್ದಾನೆ. ಕುದುರೆಯ ವೈದ್ಯ ಕನ್ನಡಕ್ಕೆ ಹೊಸದಲ್ಲ. ಆದರೆ ಟೊಳ್ಳು ಸೂಜಿಯ ಸಿರಿಂಜು ಬಳಕೆಗೆ ಬಂದದ್ದು 1853ರಿಂದೀಚೆಗೆ. ಆ ಕವಿಗೆ ಈ ತಾಪತ್ರಯ ಇರಲಿಲ್ಲ.

ಮೂರು ವಾರವೆಂದದ್ದು ಐದು ವಾರವಾಯಿತು. ಹೇಳಿದ ದಿನ ವೈದ್ಯೆ ಬಂದರು. ಕೈಯಲ್ಲಿ ಸಿರಿಂಜಿದ್ದರೂ ಮರೆಮಾಡಲಿಲ್ಲ. ಹಗ್ಗ ಹಿಡಿದ ಹುಡುಗನನ್ನು ತಾವು ನಿಂತ ಎಡಪಕ್ಕಕ್ಕೇ ಕರೆದುಕೊಂಡರು. ಕುದುರೆ ಕೆರಳಿದರೆ ತಲೆಯನ್ನು ತಮ್ಮ ಕಡೆಗೆ ಎಳೆಯಬಹುದು. ಆಗ ಅದರ ಹಿಂಗಾಲುಗಳು ತಾವಾಗಿ ಆಚೆಗೆ ಹೋಗುತ್ತವೆ. ಇಬ್ಬರು ಎರಡು ಪಕ್ಕದಲ್ಲಿ ನಿಂತರೆ ಒಬ್ಬರಿಗೆ ಒದೆ ತಪ್ಪಿದ್ದಲ್ಲ. ಕತ್ತಿನ ಪಕ್ಕದಲ್ಲಿ ಒಂದು ತ್ರಿಕೋನವಿದೆ: ಮೇಲೆ ಕೇಸರದ ಕೆಳಗಿನ ಗಟ್ಟಿ ನಾರು, ಕೆಳಗೆ ಕತ್ತಿನ ಮೂಳೆಗಳ ಸಾಲು, ಹಿಂದೆ ಭುಜದ ಹಲಗೆ. ಈ ಮೂರರ ನಡುವಿನ ಮಾಂಸಕ್ಕೆ ಸೂಜಿ ಹೋಗತಕ್ಕದ್ದು. ಕೆಳಗಿಳಿದರೆ ಮೂಳೆ ಮತ್ತು ದೊಡ್ಡ ರಕ್ತನಾಳಗಳು. ಮಾಂಸಕ್ಕೆ ಕೊಡುವ ಕೆಲವು ಔಷಧಗಳು ರಕ್ತನಾಳಕ್ಕೆ ಹೊಕ್ಕರೆ ಕುದುರೆ ನಿಂತಲ್ಲೇ ಬೀಳಬಹುದು. ಅದಕ್ಕಾಗಿ ಸೂಜಿ ಹೊಕ್ಕ ಮೇಲೆ ಸಿರಿಂಜಿನ ದಂಡವನ್ನು ಕೊಂಚ ಹಿಂದೆಳೆದು, ರಕ್ತ ಬಾರದಿರುವುದನ್ನು ನೋಡಿಕೊಂಡೇ ಔಷಧ ತಳ್ಳುತ್ತಾರೆ. ಇದನ್ನು ಓದಿ ನೀವು ಯಾವ ಕುದುರೆಗೂ ಚುಚ್ಚಲು ಹೊರಡಬೇಡಿ; ಇದು ಪಶುವೈದ್ಯರ ಕೆಲಸ.

ಸೂಜಿ ಹೊಸದು, ಹರಿತವಾದದ್ದು, ಒಂದೂವರೆ ಅಂಗುಲದ್ದು. ಮೊಂಡು ಸೂಜಿಯಿಂದ ಚುಚ್ಚಿ ಐದು ವಾರದ ಪಾಠವನ್ನು ಕೆಡಿಸಬಾರದಲ್ಲ! ಮುಷ್ಟಿಯಿಂದ ಮೂರು ಸಲ ಗುದ್ದಿ ನಾಲ್ಕನೆಯ ಸಲಕ್ಕೆ ಚುಚ್ಚುವ ಹಳೆಯ ಕ್ರಮವನ್ನು ಆ ತಾಯಿ ಒಪ್ಪುವುದಿಲ್ಲ, ಗುದ್ದೇ ಮುನ್ಸೂಚನೆಯಾಗುತ್ತದೆನ್ನುತ್ತಾರೆ. ಬೆರಳಲ್ಲಿ ಚರ್ಮ ಹಿಡಿದರು. ಕುದುರೆಗೆ ಅದು ಪರಿಚಯದ ಕೆಲಸ. ಹಿಡಿದಲ್ಲಿಯ ಪಕ್ಕದಲ್ಲೇ ಸೂಜಿ ಹೋಯಿತು. ಚರ್ಮ ಒಮ್ಮೆ ನೊಣ ಕುಳಿತಂತೆ ಅದುರಿತು. ಒಂದು ಹೆಜ್ಜೆ ಮುಂದಿಟ್ಟಿತು. ಅವರೂ ಅದರೊಡನೆ ಒಂದು ಹೆಜ್ಜೆ ಇಟ್ಟರು. ಔಷಧ ಮುಗಿದು ಸೂಜಿ ಹೊರಬಂದ ಮೇಲೂ ಕೈ ಕತ್ತಿನ ಮೇಲೆಯೇ ಇತ್ತು. ಕುದುರೆ ನಿಂತಿತು, ತಲೆ ತಗ್ಗಿಸಿತು. ಆಗ ಕೈ ತೆಗೆದರು. ಸಾಹೇಬರು ಬೆಲ್ಲ ಕೊಡುವುದನ್ನೇ ಮರೆತು ನಿಂತಿದ್ದರು. ಕುದುರೆ ತಾನೇ ಅವರ ಜೇಬಿಗೆ ಮೂತಿ ಹಾಕಿತು.

ಎರಡನೆಯ ಸೂಜಿ ಮುಂದಿನ ತಿಂಗಳು ಬಲಗಡೆಗೆಂದು ಹೇಳಿಹೋಗಿದ್ದಾರೆ. ಎಡಗಡೆ ಕಲಿತದ್ದು ಬಲಗಡೆಗೆ ತಾನಾಗಿ ಬರುತ್ತದೆಂದು ಕುದುರೆಯಲ್ಲಿ ನಂಬುವಂತಿಲ್ಲವಂತೆ. ಸಾಹೇಬರು ನಿನ್ನೆ ಸಂಜೆಯಿಂದ ಬಲಭುಜದ ಮೇಲೆ ಕೈಯಿಡುವುದನ್ನು ಮತ್ತೆ ಮೊದಲಿನಿಂದ ಆರಂಭಿಸಿದ್ದಾರೆ.